ಹಿಮಾಲಯದ ಎತ್ತರದ ದಾರಿಗಳಲ್ಲಿ ಸೈಕಲ್ ಪ್ರವಾಸ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಸವಾರಿ ಮುಗಿಸಿ ಬೆಣ್ಣೆ ದೋಸೆಗೆ ಕೂತಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಕೊನೆಗೆ ಹೋಗಿ ಬಂದವರು ಕೇಳುವಂಥದ್ದು.

## ಹೋಗೋಣ ಅಂತ ಈಗಷ್ಟೇ ಅನ್ನಿಸಿದವರಿಗೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಅದೇ ದಿನ ವಾಪಸ್ ಬರ್ತೀನಿ. ಲಡಾಖ್ ಕಷ್ಟ ಆಗಲ್ಲ ಅಲ್ವಾ?

ಕಾಲಿಗೆ ಕಷ್ಟ ಆಗಲಿಕ್ಕಿಲ್ಲ. ದಿನಕ್ಕೆ 120 ಕಿ.ಮೀ. ತುಳಿಯುವವರ ಕಾಲು ಗಟ್ಟಿಯೇ ಇರುತ್ತದೆ. ಆದರೆ ಆ ಹೆದ್ದಾರಿ ಇರುವುದು ಸಮುದ್ರಮಟ್ಟದಿಂದ 600–700 ಮೀಟರ್ ಎತ್ತರದಲ್ಲಿ. 5,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧ. ಇಲ್ಲಿ ಗಂಟೆಗೆ 25 ಕಿ.ಮೀ. ಹೋಗುವವರು ಅಲ್ಲಿ ಏರಿನಲ್ಲಿ 5–6 ಕಿ.ಮೀ. ಹೋದರೆ ಚೆನ್ನಾಗಿಯೇ ಹೋಗುತ್ತಿದ್ದಾರೆ ಅಂತ ಅರ್ಥ.

ಕಾಲಿನ ಬಲ ಜಾಸ್ತಿ ಇದ್ದವರಿಗೇ ಅಪಾಯ ಜಾಸ್ತಿ. ಅವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ, ದೇಹ ಎತ್ತರಕ್ಕೆ ಹೊಂದಿಕೊಳ್ಳುವಷ್ಟು ದಿನ ಕೊಡುವುದಿಲ್ಲ. ಎತ್ತರದ ಕಾಯಿಲೆ ಬರುತ್ತದೋ ಇಲ್ಲವೋ ಅನ್ನುವುದನ್ನು ನಿಮ್ಮ ಫಿಟ್‌ನೆಸ್ ನಿರ್ಧರಿಸುವುದಿಲ್ಲ.

ಮನಾಲಿ–ಲೇಹ್, ಶ್ರೀನಗರ–ಲೇಹ್, ಸ್ಪಿತಿ. ಮೊದಲ ಸಲ ಯಾವುದಕ್ಕೆ ಹೋಗೋಣ?

ನನ್ನನ್ನು ಕೇಳಿದರೆ ಶ್ರೀನಗರ–ಲೇಹ್. ಸುಮಾರು 420 ಕಿ.ಮೀ. ಮೂರು ಪಾಸ್‌ಗಳಿವೆ (ಬೆಟ್ಟಸಾಲು ದಾಟುವ ಎತ್ತರದ ದಾರಿಗಳು, ಅಲ್ಲಿಯವರ ಮಾತಿನಲ್ಲಿ 'ಲಾ'): ಜೊಜಿ ಲಾ (3,528 ಮೀಟರ್), ನಮಿಕಾ ಲಾ, ಫೋತು ಲಾ (4,108 ಮೀಟರ್). ಪ್ರತಿ ಪಾಸ್ ದಾಟಿದ ಮೇಲೂ ದಾರಿ ಕೆಳಗೆ ಇಳಿಯುತ್ತದೆ, ಕಾರ್ಗಿಲ್ ಇರುವುದು ಬರೀ 2,700 ಮೀಟರ್ ಆಸುಪಾಸಿನಲ್ಲಿ. ಸೋನಾಮಾರ್ಗ್, ದ್ರಾಸ್, ಕಾರ್ಗಿಲ್, ಮುಲ್ಬೆಕ್, ಲಾಮಾಯುರು, ಖಾಲ್ಸಿ ಹೀಗೆ ಉದ್ದಕ್ಕೂ ಊರುಗಳಿವೆ. ಟೆಂಟ್ ಇಲ್ಲದೆಯೂ ಸಾಗಬಹುದು. ಸೇನೆಯ ಲಾರಿ ಸಾಲುಗಳು ಜಾಸ್ತಿ ಅನ್ನುವುದೊಂದೇ ಕಿರಿಕಿರಿ.

ಸ್ಪಿತಿಗೆ ಶಿಮ್ಲಾ ಕಡೆಯಿಂದ ಹೋದರೆ ಎತ್ತರ ಮೆತ್ತಗೆ ಏರುತ್ತದೆ: ಸಟ್ಲೆಜ್ ಕಣಿವೆ, ಕಲ್ಪಾ, ನಾಕೊ, ತಾಬೊ, ಕಾಜಾ. ತಾಬೊದ ಬೌದ್ಧ ಮಠ ಕಟ್ಟಿದ್ದು 996ರಲ್ಲಿ, ಅರ್ಧ ದಿನ ಅಲ್ಲಿ ನಿಲ್ಲುವುದಕ್ಕೆ ಅದೊಂದೇ ಸಾಕು. ಆದರೆ ಕಿನ್ನೌರ್ ಕಡೆ ಗುಡ್ಡ ಕುಸಿಯುವುದು ಮಾಮೂಲಿ, ಕುಂಜುಮ್ ಲಾ ಆಚೆ ಗ್ರಾಂಫುವರೆಗಿನ ದಾರಿಯಂತೂ ಬರೀ ಕಲ್ಲು. ಮನಾಲಿ–ಲೇಹ್ ಮೂರರಲ್ಲಿ ಕಠಿಣ. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ. ಯಾರೂ ಕೇಳುವುದಿಲ್ಲ, ಎಲ್ಲರೂ ಅಲ್ಲಿಗೇ ಮೊದಲು ಹೋಗುತ್ತಾರೆ. ಅದಕ್ಕೇ ಮುಂದಿನ ಉತ್ತರಗಳಲ್ಲಿ ಆ ದಾರಿಯ ಮಾತೇ ಜಾಸ್ತಿ.

ನಮಗೆ ರಜೆ ಸಿಗೋದು ಏಪ್ರಿಲ್–ಮೇ. ಆಗ ಆಗಲ್ವಾ?

ಆಗುವುದಿಲ್ಲ. ಮನಾಲಿ–ಲೇಹ್ ದಾರಿಯಲ್ಲಿ ಹಿಮ ತೆಗೆದು ವಾಹನ ಬಿಡುವ ಹೊತ್ತಿಗೆ ಸಾಮಾನ್ಯವಾಗಿ ಮೇ ಬಂದಿರುತ್ತದೆ. ಆ ಮೇಲೂ ಕೆಲವು ವಾರ ರಸ್ತೆ ತುಂಬ ಕರಗಿದ ನೀರು. ಜುಲೈ, ಆಗಸ್ಟ್‌ನಲ್ಲಿ ಮನಾಲಿ ಕಡೆ ಮುಂಗಾರು ಜೋರು, ಗುಡ್ಡ ಕುಸಿತವೂ ಜೋರು. ಬಾರಾಲಾಚಾ ಲಾ ದಾಟಿದರೆ ಮಳೆನೆರಳಿನ ಒಣನಾಡು. ಸೆಪ್ಟೆಂಬರ್ ಎಲ್ಲಕ್ಕಿಂತ ಒಳ್ಳೆಯದು: ಆಕಾಶ ತಿಳಿ, ನಾಲಾಗಳಲ್ಲಿ ನೀರು ಕಮ್ಮಿ. ರಾತ್ರಿ ಚಳಿ ಮಾತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ತಿಂಗಳ ಕೊನೆಗೆ ಧಾಬಾದವರು ಒಬ್ಬೊಬ್ಬರಾಗಿ ಟೆಂಟ್ ಬಿಚ್ಚಲು ಶುರು ಮಾಡುತ್ತಾರೆ. ಏಪ್ರಿಲ್–ಮೇ ರಜೆಯೇ ಗತಿ ಅನ್ನುವವರು ಶಿಮ್ಲಾ ಕಡೆಯಿಂದ ಕಾಜಾವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬಹುದು.

ಐವತ್ತು ದಾಟಿದೆ, ಬಿಪಿ ಮಾತ್ರೆ ತಗೋತೀನಿ. ಹೋಗಬಹುದಾ ಸರ್?

ವಯಸ್ಸು ಅಡ್ಡಿ ಅಲ್ಲ. ಬಿಪಿ, ಸಕ್ಕರೆ, ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಮಾತ್ರ ವೈದ್ಯರ ಒಪ್ಪಿಗೆ ಇಲ್ಲದೆ ಟಿಕೆಟ್ ಮಾಡಿಸಬೇಡಿ. ಸುಮ್ನೆ 'ಟ್ರಿಪ್ ಹೋಗ್ತಿದೀನಿ' ಅನ್ನಬೇಡಿ. 'ಒಂದು ವಾರ 4,000 ಮೀಟರ್ ಮೇಲೆ ಇರ್ತೀನಿ, ದಿನಾ ಆರೇಳು ಗಂಟೆ ಸೈಕಲ್ ತುಳಿತೀನಿ' ಅಂತ ಬಿಡಿಸಿ ಹೇಳಿ. ಉತ್ತರ ಬೇರೆ ಬರುತ್ತದೆ.

## ಸೈಕಲ್, ಸಾಮಾನು, ತಯಾರಿ

ಅಪ್ಪನ ಕಾಲದ ಗೇರ್ ಇಲ್ಲದ ಸೈಕಲ್ ಗಟ್ಟಿಯಾಗಿದೆ. ಅದರಲ್ಲೇ ಹೋದ್ರೆ?

ಹೋದವರಿದ್ದಾರೆ. ಆದರೆ ತುಳಿದದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಆ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸಾಮಾನು ಹೇರಿಕೊಂಡು ಪಾಸ್ ಹತ್ತಲು ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು, ಸಾಧ್ಯವಾದರೆ ಅದಕ್ಕಿಂತ ಕಮ್ಮಿ ತಿರುಗಬೇಕು. ಅಂದರೆ ಮುಂದೆ 32 ಹಲ್ಲು ಇದ್ದರೆ ಹಿಂದೆ 32 ಅಥವಾ ಜಾಸ್ತಿ. ಮುಂದೆ ಮೂರು ಹಲ್ಲುಚಕ್ರ ಇರುವ ಹಳೆ ಎಂಟಿಬಿಯಲ್ಲಿ (ಮೌಂಟನ್ ಬೈಕ್) 22 ಹಲ್ಲಿನ ಚಿಕ್ಕದು ಇರುತ್ತದೆ, ಈ ಕೆಲಸಕ್ಕೆ ಅದು ಬಂಗಾರ. ದುಬಾರಿ ರೋಡ್ ಬೈಕ್‌ಗಿಂತ ಮಧ್ಯಮ ಬೆಲೆಯ ಎಂಟಿಬಿಯೇ ಸರಿ.

ಟೈರ್ 40 ಮಿ.ಮೀ.ಗಿಂತ ದಪ್ಪ ಇರಲಿ. ಬ್ರೇಕ್ ಡಿಸ್ಕ್ ಆದರೆ ಒಳ್ಳೆಯದು. ರಿಮ್ ಬ್ರೇಕ್ ಇದ್ದರೆ ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮ ಹಿಡಿದುಕೊಂಡಿರಬೇಡಿ, ರಿಮ್ ಕಾದು ಟ್ಯೂಬ್ ಒಡೆಯಬಹುದು. ಹಿಡಿದು ಬಿಡಿ, ಹಿಡಿದು ಬಿಡಿ, ನಡುವೆ ನಿಂತು ಆರಲು ಬಿಡಿ. ಬ್ರೇಕ್ ಪ್ಯಾಡ್ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ನಮ್ಮ ಕಡೆ ಎಲ್ಲಿ ಅಭ್ಯಾಸ ಮಾಡೋದು? ಇಲ್ಲಿ ಹಿಮಾಲಯ ಎಲ್ಲಿಂದ ತರೋಣ?

ಎತ್ತರದ ಅಭ್ಯಾಸ ಕರ್ನಾಟಕದಲ್ಲಿ ಸಾಧ್ಯವೇ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಅಂದರೆ ಮನಾಲಿಗಿಂತ ಕೆಳಗೆ. ಏರಿನ ಅಭ್ಯಾಸಕ್ಕೆ ಮಾತ್ರ ಕೊರತೆ ಇಲ್ಲ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಜೋಗಿಮಟ್ಟಿ ಹತ್ತಿ. ತಿಂಗಳಿಗೊಮ್ಮೆ ಚಿಕ್ಕಮಗಳೂರು ಕಡೆ ಹೋಗಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಹತ್ತಿ. ಲಡಾಖ್ ರಸ್ತೆಗಳನ್ನು ಸೇನೆಯ ಭಾರಿ ಲಾರಿಗಳು ಹತ್ತುವಂತೆ ಮಾಡಿದ್ದು. ಹಾಗಾಗಿ ಏರು ತೀರಾ ಕಡಿದಾಗಿಲ್ಲ. ಲೇಹ್‌ನಿಂದ ಖಾರ್ದುಂಗ್ ಲಾಗೆ ಸುಮಾರು 40 ಕಿ.ಮೀ.ನಲ್ಲಿ 1,850 ಮೀಟರ್ ಏರಿಕೆ, ಸರಾಸರಿ ನೂರಕ್ಕೆ ಐದೂ ಇಲ್ಲ. ಮುಳ್ಳಯ್ಯನಗಿರಿಯ ಕೊನೆಯ ತಿರುವುಗಳು ಇದಕ್ಕಿಂತ ಕಡಿದು. ಅಲ್ಲಿ ಕಾಡುವುದು ಏರು ಮುಗಿಯುವುದೇ ಇಲ್ಲ ಅನ್ನುವುದು.

ಇನ್ನೊಂದು ಅಭ್ಯಾಸ ನಮ್ಮಲ್ಲೇ ಪುಕ್ಕಟೆ ಸಿಗುತ್ತದೆ: ಎದುರುಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಜೂನ್–ಜುಲೈನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ದುರ್ಗದಿಂದ ದಾವಣಗೆರೆ ಕಡೆ ಮಧ್ಯಾಹ್ನ ತುಳಿಯಿರಿ, ಬ್ಯಾಗ್ ಹೇರಿಕೊಂಡು. ಮನಾಲಿ–ಲೇಹ್ ದಾರಿಯ ಮೋರೆ ಬಯಲಿನಲ್ಲಿ ಮಧ್ಯಾಹ್ನದ ಮೇಲೆ ಏನಾಗುತ್ತದೆ ಅನ್ನುವುದರ ರುಚಿ ಸಿಗುತ್ತದೆ.

ಸೈಕಲ್ ಅಲ್ಲಿಗೆ ಸಾಗಿಸೋದು ಹೇಗೆ?

ರೈಲಿನ ಲಗೇಜ್ ಡಬ್ಬಿಯಲ್ಲಿ. ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ ದಾವಣಗೆರೆ ಮೇಲೇ ಹೋಗುತ್ತದೆ. ಚಂಡೀಗಢದಿಂದ ಮನಾಲಿಗೆ ಬಸ್. ಆದರೆ ರೈಲು ನಮ್ಮಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಪಾರ್ಸೆಲ್ ಏರದಿದ್ದರೆ ನೀವು ಒಂದು ಕಡೆ, ಸೈಕಲ್ ಇನ್ನೊಂದು ಕಡೆ. ಯಶವಂತಪುರಕ್ಕೇ ಹೋಗಿ ಅಲ್ಲಿಂದ ಹತ್ತಿಸುವುದು ವಾಸಿ. ದುರ್ಗದವರಿಗೂ ಅದೇ ಮಾತು.

ಹೊಸ ಸೈಕಲ್ ಬರುವ ರಟ್ಟಿನ ಡಬ್ಬಿಯನ್ನು ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಹಾಗೇ ಕೊಡುತ್ತಾರೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಮುಂದಿನ ಚಕ್ರ ತೆಗೆದು, ಫೋರ್ಕಿನ ಎರಡು ಕಾಲಿನ ನಡುವೆ ಮರದ ತುಂಡು ಸಿಕ್ಕಿಸಿ. ಹಿಂದಿನ ಗೇರ್ ಸಿಕ್ಕಿಸಿರುವ ಪುಟ್ಟ ಅಲ್ಯೂಮಿನಿಯಂ ಕೊಂಡಿ ದಾರಿಯಲ್ಲಿ ಬಾಗುವುದು ಮಾಮೂಲಿ. ಅದು ಒಂದೊಂದು ಸೈಕಲ್‌ಗೆ ಒಂದೊಂದು ಥರ, ಲೇಹ್‌ನಲ್ಲಿ ನಿಮ್ಮದೇ ಅಳತೆಯದು ಸಿಗುತ್ತದೆ ಅಂತ ನಂಬಬೇಡಿ. ಮೊದಲೇ ಒಂದು ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ.

ಟೆಂಟ್ ಬೇಕೇ ಬೇಕಾ?

ಶ್ರೀನಗರ ದಾರಿಗೆ ಬೇಡ. ಮನಾಲಿ ದಾರಿಯಲ್ಲಿ ಭರತ್‌ಪುರ, ಸರ್ಚು, ಪಾಂಗ್, ಡೆಬ್ರಿಂಗ್‌ನಲ್ಲಿ ಬೇಸಿಗೆ ತುಂಬ ಧಾಬಾ ಟೆಂಟ್‌ಗಳಿರುತ್ತವೆ, ಹಾಸಿಗೆ ರಜಾಯಿ ಸಿಗುತ್ತದೆ. ಆದರೂ ಇಬ್ಬರಿಗೊಂದು ಹಗುರ ಟೆಂಟ್ ಇದ್ದರೆ, ಮೈ ಸರಿಯಿಲ್ಲದ ದಿನ 'ಮುಂದಿನ ಧಾಬಾ ಮುಟ್ಟಲೇಬೇಕು' ಅನ್ನುವ ಒತ್ತಡ ಇರುವುದಿಲ್ಲ. ಸ್ಲೀಪಿಂಗ್ ಬ್ಯಾಗ್, ಕೈಗವಸು, ಗಾಳಿ ತಡೆಯುವ ಜಾಕೆಟ್, ಕಪ್ಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು ಇವಿಷ್ಟೂ ಬೇಕೇ ಬೇಕು. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, ಬಿಸಿಲಿನ ಚುರುಕು ಮಾತ್ರ ಏರುತ್ತದೆ.

ಊಟಕ್ಕೆ ಏನು ಮಾಡ್ತೀರಾ? ನಮ್ಮ ಮಂಡಕ್ಕಿ ತಗೊಂಡು ಹೋದ್ರೆ ಹಗುರ ಅಲ್ವಾ?

ಹಗುರ ನಿಜ, ಆದರೆ ಬ್ಯಾಗ್ ತುಂಬ ಜಾಗ ಹಿಡಿಯುತ್ತದೆ. ತಿಂದದ್ದು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಅವಲಕ್ಕಿ ಒಳ್ಳೆಯದು. ಕಾರಣ ಇದೆ. ಎತ್ತರ ಏರಿದಂತೆ ನೀರು ಕಮ್ಮಿ ಬಿಸಿಗೇ ಕುದಿಯುತ್ತದೆ: ದಾವಣಗೆರೆಯಲ್ಲಿ ಸುಮಾರು 98 ಡಿಗ್ರಿ, 4,500 ಮೀಟರ್‌ನಲ್ಲಿ ಸುಮಾರು 85. ಎಷ್ಟು ಕುದಿಸಿದರೂ ಕುಕ್ಕರ್ ಇಲ್ಲದೆ ಅಕ್ಕಿ, ಬೇಳೆ ಸರಿಯಾಗಿ ಬೇಯುವುದಿಲ್ಲ. ಅವಲಕ್ಕಿಗೆ ಒಲೆಯೇ ಬೇಡ. ಸ್ವಲ್ಪ ನೀರು, ಶೇಂಗಾ ಚಟ್ನಿಪುಡಿ ಸಾಕು. ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ ಜೇಬಿನಲ್ಲಿರಲಿ. ಖಡಕ್ ರೊಟ್ಟಿಯ ಆಸೆ ಬಿಡಿ, ಸಂಜೆಗೆ ಪುಡಿಯಾಗಿರುತ್ತದೆ.

ಧಾಬಾದಲ್ಲಿ ರಾಜ್ಮಾ ಅನ್ನ, ಮ್ಯಾಗಿ, ಆಮ್ಲೆಟ್, ತುಕ್ಪಾ ಸಿಗುತ್ತವೆ. ಎತ್ತರದಲ್ಲಿ ಹಸಿವೇ ಆಗುವುದಿಲ್ಲ, ಆದರೂ ತಿನ್ನಬೇಕು. ಚಟ್ನಿಪುಡಿಯ ನಿಜವಾದ ಉಪಯೋಗ ಅಲ್ಲಿ: ನಾಲಿಗೆಗೆ ಖಾರ ತಾಗಿದರೆ ನಾಲ್ಕು ತುತ್ತು ಜಾಸ್ತಿ ಇಳಿಯುತ್ತದೆ. ನೀರು ದಿನಕ್ಕೆ ಮೂರು–ನಾಲ್ಕು ಲೀಟರ್.

## ದಾರಿಯಲ್ಲಿ

ಮನಾಲಿ–ಲೇಹ್‌ಗೆ ದಿನಕ್ಕೆ ಎಷ್ಟು ಕಿ.ಮೀ. ಹಾಕ್ಕೋಬೇಕು?

ಕಿ.ಮೀ. ಲೆಕ್ಕ ಪಕ್ಕಕ್ಕಿಡಿ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನುವುದನ್ನು ಮೊದಲು ಬರೆದುಕೊಳ್ಳಿ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಇಳಿದರೂ ಪರವಾಗಿಲ್ಲ, ಮಲಗುವ ಜಾಗವೇ ಮುಖ್ಯ.

ಹಾಗೆ ಲೆಕ್ಕ ಹಾಕಿದರೆ: ಮನಾಲಿಯಲ್ಲಿ (2,050 ಮೀಟರ್) ಎರಡು ರಾತ್ರಿ. ಮರುದಿನ ಮಢಿ, 3,300 ಆಸುಪಾಸು. ಇದು ದೊಡ್ಡ ನೆಗೆತವೇ, ಆದರೆ ಅದರ ಮಾರನೇ ದಿನ ರೋಹ್ತಾಂಗ್ (3,978) ದಾಟಿ ಕೋಕ್ಸರ್ ಅಥವಾ ಸಿಸ್ಸುವಿಗೆ ಇಳಿದರೆ ಮತ್ತೆ 3,100. ಆಮೇಲೆ ಕೀಲಾಂಗ್, 3,080. ಇಲ್ಲಿ ಒಂದು ದಿನ ಜಾಸ್ತಿ ಇರಿ, ಆಸ್ಪತ್ರೆ, ಎಟಿಎಂ, ಅಂಗಡಿ ಎಲ್ಲ ಇದೆ. ಜಿಸ್ಪಾ (3,200) ದಾಟಿ ದಾರ್ಚಾ, 3,360. ಪಟ್ಸಿಯೊ ಸುಮಾರು 3,800. ಜಿಂಗ್‌ಜಿಂಗ್‌ಬಾರ್ ಸುಮಾರು 4,270. ಅಲ್ಲಿಂದ ಬಾರಾಲಾಚಾ ಲಾ (4,890) ದಾಟಿ ಸರ್ಚು, 4,290. ಏರಿದ್ದೆಷ್ಟೇ ಆದರೂ ಮಲಗಿದ್ದು ಹಿಂದಿನ ರಾತ್ರಿಯ ಎತ್ತರದಲ್ಲೇ. ಈ ದಾರಿಯ ಚಂದದ ಲೆಕ್ಕ ಇದು. ಮುಂದೆ ಗಾಟಾ ಲೂಪ್ಸ್‌ನ 21 ತಿರುವು, ನಕೀ ಲಾ, ಲಾಚುಲುಂಗ್ ಲಾ (5,060) ದಾಟಿ ಪಾಂಗ್, ಸುಮಾರು 4,600. ಒಂದೇ ದಿನ ಎರಡು ಪಾಸ್ ಬೇಡ ಅನ್ನಿಸಿದರೆ ಲೂಪ್ಸ್ ಬುಡದಲ್ಲಿ ಟೆಂಟ್ ಹಾಕಿ. ಆಮೇಲೆ ಮೋರೆ ಬಯಲಿನ 40 ಕಿ.ಮೀ., ಡೆಬ್ರಿಂಗ್. ಕೊನೆಯ ದೊಡ್ಡ ಏರು ತಾಂಗ್‌ಲಾಂಗ್ ಲಾ (5,330). ಅಲ್ಲಿಂದ ರುಮ್ತ್ಸೆ, ಉಪ್ಶಿ, ಸಿಂಧೂ ನದಿ ದಂಡೆಯಲ್ಲಿ ಲೇಹ್, 3,500.

ಕೆಲವು ದಿನ 30 ಕಿ.ಮೀ. ಕೂಡ ಆಗುವುದಿಲ್ಲ. ಮಧ್ಯಾಹ್ನಕ್ಕೇ ಮುಟ್ಟಿಬಿಡುತ್ತೀರಿ, ಕಾಲು ಇನ್ನೂ ತುಳಿಯೋಣ ಅನ್ನುತ್ತದೆ. ತುಳಿಯಬೇಡಿ. ಮನಾಲಿಯಿಂದ ಕಾರಿನಲ್ಲಿ ಒಂದೇ ದಿನಕ್ಕೆ ಸರ್ಚು ಮುಟ್ಟಿದವರು ರಾತ್ರಿಯೆಲ್ಲ ವಾಂತಿ ಮಾಡುವುದು ಈ ಅವಸರಕ್ಕೇ.

ಅಟಲ್ ಸುರಂಗ ಇರುವಾಗ ರೋಹ್ತಾಂಗ್ ಯಾಕೆ ಹತ್ತಬೇಕು?

9.02 ಕಿ.ಮೀ. ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ಲಾರಿ, ಬಸ್ಸು ಅದರೊಳಗೇ ಹೋಗುತ್ತವೆ. ಹಳೆ ದಾರಿ ನಮಗೆ ಬಿಟ್ಟುಕೊಟ್ಟಂತಾಗಿದೆ. ಪ್ರವಾಸಿಗರ ಕಾರು ಬಿಟ್ಟರೆ ಹೊಗೆ, ಹಾರ್ನ್ ಕಮ್ಮಿ. ಅದಕ್ಕಿಂತ ಮುಖ್ಯವಾಗಿ, 3,978 ಮುಟ್ಟಿ 3,100ಕ್ಕೆ ಇಳಿದು ಮಲಗುವುದು ದೇಹಕ್ಕೆ ಒಳ್ಳೆ ಪಾಠ.

ರಸ್ತೆ ಮೇಲೇ ಹೊಳೆ ಹರಿಯುತ್ತಂತೆ. ಸೈಕಲ್ ದಾಟಿಸೋದು ಹೇಗೆ?

ಬೆಳಿಗ್ಗೆ ಬೇಗ. ನಾಲಾಗಳಲ್ಲಿ ಇರುವುದು ಕರಗಿದ ಹಿಮದ ನೀರು. ರಾತ್ರಿ ಹೆಪ್ಪುಗಟ್ಟಿ ಬೆಳಗಿನ ಹೊತ್ತು ಕಮ್ಮಿ ಇರುತ್ತದೆ, ಬಿಸಿಲು ಏರಿದಂತೆ ಏರುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆಗೆ ಮೊಣಕಾಲು ದಾಟಬಹುದು. ತುಳಿದು ದಾಟುವ ಸಾಹಸ ಬೇಡ. ಇಳಿದು, ಚಪ್ಪಲಿ ಹಾಕಿಕೊಂಡು, ಸೈಕಲ್ಲನ್ನು ನೀರು ಹರಿಯುವ ದಿಕ್ಕಿನ ಕಡೆ ಇಟ್ಟುಕೊಂಡು ತಳ್ಳಿ. ಮೇಲಿನ ಕಡೆ ಇಟ್ಟುಕೊಂಡರೆ ನೀರು ಅದನ್ನು ನಿಮ್ಮ ಕಾಲಿಗೇ ನೂಕುತ್ತದೆ. ಸಾಕ್ಸ್ ಮಾತ್ರ ಒಣಗಿದ್ದೇ ಇರಲಿ, ಒದ್ದೆ ಕಾಲಲ್ಲಿ ಪಾಸ್ ಇಳಿಯುವುದು ನರಕ.

ಫೋನ್ ಸಿಗುತ್ತಾ? ಮನೆಯವರು ಗಾಬರಿ ಆಗ್ತಾರೆ.

ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್, ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ದಾರ್ಚಾದಿಂದ ಉಪ್ಶಿವರೆಗೆ ಸಿಗ್ನಲ್ ಇಲ್ಲ ಅಂತಲೇ ಲೆಕ್ಕ ಹಾಕಿ. ಕೀಲಾಂಗ್‌ನಿಂದ ಫೋನ್ ಮಾಡಿ 'ಇನ್ನು ಎಂಟು ದಿನ ಮಾತಿಲ್ಲ' ಅಂತ ಹೇಳಿಬಿಡಿ. 'ಟ್ರೈ ಮಾಡ್ತೀನಿ' ಅಂದರೆ ಮೂರನೇ ದಿನಕ್ಕೇ ಅವರಿಗೆ ನಿದ್ದೆ ಇರುವುದಿಲ್ಲ. ದುಡ್ಡು ಕೂಡ ನೋಟಿನಲ್ಲೇ ಇಟ್ಟುಕೊಳ್ಳಿ.

ನಾವು ಇಬ್ಬರು ಹೆಣ್ಣುಮಕ್ಕಳು ಹೋಗ್ತಿದೀವಿ. ಏನಾದ್ರೂ ಬೇರೆ ನೋಡ್ಕೋಬೇಕಾ?

ಒಂದೇ ತಾಪತ್ರಯ: ಶೌಚ. ಮೋರೆ ಬಯಲಿನಲ್ಲಿ ಮರೆಗೆ ಒಂದು ಪೊದೆಯೂ ಇಲ್ಲ. ಅದಕ್ಕೆ ಹೆದರಿ ನೀರು ಕುಡಿಯುವುದನ್ನು ಕಮ್ಮಿ ಮಾಡುವವರಿದ್ದಾರೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ದುಪ್ಪಟ್ಟಿ ಅಥವಾ ಪಂಚೆ ಕೈಗೆ ಸಿಗುವಂತೆ ಮೇಲಿಟ್ಟುಕೊಳ್ಳಿ. ಒಬ್ಬರು ಹಿಡಿದರೆ ಮರೆಯಾಯಿತು.

## ಎತ್ತರ ಏರಿದ ಮೇಲೆ

ತಲೆನೋವು ಬಂದ್ರೆ ಅದು ಸುಸ್ತಾ, ಎತ್ತರದ ಕಾಯಿಲೆನಾ? ಹೇಗೆ ಗೊತ್ತಾಗುತ್ತೆ?

2,500 ಮೀಟರ್ ಮೇಲೆ ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಒಂದಿದ್ದರೂ ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಅಲ್ಲೇ ನಿಲ್ಲಿ. ಕಮ್ಮಿಯಾಗುವವರೆಗೆ ಮೇಲೆ ಹೋಗಬೇಡಿ, ಜಾಸ್ತಿಯಾದರೆ ಇಳಿಯಿರಿ.

ಎರಡು ಲಕ್ಷಣ ಕಂಡರೆ ಕಾಯುವ ಮಾತೇ ಇಲ್ಲ. ಒಂದು, ಸುಮ್ಮನೆ ಕೂತಿದ್ದರೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡು, ಕುಡಿದವರ ಹಾಗೆ ತೂರಾಡುವುದು, ಮಾತು ತಪ್ಪುವುದು: ಮಿದುಳು ಊದಿಕೊಳ್ಳುತ್ತಿದೆ. ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನಡೆಯಲು ಹೇಳಿ. ಆಗದಿದ್ದರೆ ರಾತ್ರಿಯಾಗಿದ್ದರೂ ಗಾಡಿ ಹಿಡಿದು ಕೆಳಗೆ ಕರೆದೊಯ್ಯಿರಿ. ಒಬ್ಬರನ್ನೇ ಕಳಿಸಬೇಡಿ. ಪಾಂಗ್‌ನಲ್ಲಿ ಸೇನೆಯ ಶಿಬಿರ ಇದೆ, ತುರ್ತಿನಲ್ಲಿ ಕೇಳಬಹುದು. ಆದರೆ ಪಾಂಗ್ ಇರುವ ಜಾಗ ನೋಡಿ: ಎರಡೂ ಕಡೆ 5,000 ದಾಟಿದ ಪಾಸ್. ಅಲ್ಲಿಂದ ಕೆಳಗೆ ಹೋಗಬೇಕೆಂದರೆ ಮೊದಲು ಮೇಲೆ ಹತ್ತಬೇಕು. ಅದಕ್ಕೇ ಸರ್ಚುವಿನಲ್ಲಿ ತಲೆನೋವು ಇದ್ದವರು ಮುಂದೆ ಹೋಗಲೇಬಾರದು.

ಡೈಮಾಕ್ಸ್ ನುಂಗಿದ್ರೆ ಸಾಕಂತೆ?

ಡೈಮಾಕ್ಸ್ ಅಂದರೆ ಅಸೆಟಾಜೋಲಮೈಡ್ ಮಾತ್ರೆ. ಅದು ದೇಹ ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಚುರುಕು ಮಾಡುತ್ತದೆ, ಅಷ್ಟೇ. ಬೇಗ ಏರಲು ಪರವಾನಗಿ ಅಲ್ಲ. ತಡೆಗೆ ಸಾಮಾನ್ಯವಾಗಿ ಬರೆದುಕೊಡುವುದು 125 ಮಿ.ಗ್ರಾಂ., ದಿನಕ್ಕೆರಡು ಸಲ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ. ಸಲ್ಫಾ ಔಷಧಿ ಅಲರ್ಜಿ ಇದ್ದವರು ವೈದ್ಯರಿಗೆ ಮೊದಲೇ ಹೇಳಲೇಬೇಕು. ನೋವಿನ ಮಾತ್ರೆ ನುಂಗಿ ತಲೆನೋವು ಮುಚ್ಚಿಕೊಂಡು ಹತ್ತುವುದು, ನಿದ್ದೆ ಬರಲಿಲ್ಲ ಅಂತ ನಿದ್ದೆ ಮಾತ್ರೆ ಅಥವಾ ಒಂದು ಪೆಗ್ಗು, ಎರಡೂ ಬೇಡ.

ಬೆರಳಿಗೆ ಹಾಕೋ ಆಕ್ಸಿಮೀಟರ್ 84 ತೋರಿಸ್ತು. ಗಾಬರಿ ಆಗಬೇಕಾ?

ದಾವಣಗೆರೆಯಲ್ಲಿ ತೋರಿಸಿದರೆ ಆಸ್ಪತ್ರೆಗೆ ಓಡಿ. 4,500 ಮೀಟರ್‌ನಲ್ಲಿ ಆರೋಗ್ಯವಂತರಿಗೂ 80ರ ಆಸುಪಾಸು ಬರುತ್ತದೆ. ತಣ್ಣನೆಯ ಬೆರಳಿಗೆ ಹಾಕಿದರೆ ಇನ್ನೂ ಕಮ್ಮಿ ತೋರಿಸುತ್ತದೆ. ಅಂಕಿ ಬಿಟ್ಟು ಲಕ್ಷಣ ನೋಡಿ.

ಮೇಲೆ ಹೋದ್ರೆ ಗಾಳಿ ಉಬ್ಬಿ ಟೈರ್ ಒಡೆಯುತ್ತಂತೆ, ನಿಜಾನಾ?

ಚಿಪ್ಸ್ ಪೊಟ್ಟಣ ಉಬ್ಬುವುದು ನಿಜ. ಟೈರ್ ಒಡೆಯುವುದಿಲ್ಲ. ಹೊರಗಿನ ಒತ್ತಡ ಕಮ್ಮಿಯಾಗಿ 5,000 ಮೀಟರ್‌ನಲ್ಲಿ ಗೇಜ್ ಸುಮಾರು 6–7 ಪಿಎಸ್‌ಐ ಜಾಸ್ತಿ ತೋರಿಸಬಹುದು, ಚಳಿಗೆ ಅದರಲ್ಲೂ ಸ್ವಲ್ಪ ಇಳಿಯುತ್ತದೆ. ಕಲ್ಲುದಾರಿಗೆ ಹೇಗಿದ್ದರೂ ಗಾಳಿ ಸ್ವಲ್ಪ ಕಮ್ಮಿ ಇರಬೇಕು.

ಖಾರ್ದುಂಗ್ ಲಾ ಹತ್ತಿದ್ರೆ ಜಗತ್ತಿನ ಅತಿ ಎತ್ತರದ ರಸ್ತೆ ಹತ್ತಿದಂಗಾ?

ಇಲ್ಲ. ಅಲ್ಲಿ ಬಹಳ ವರ್ಷ ಇದ್ದ ಫಲಕ 18,380 ಅಡಿ ಅನ್ನುತ್ತಿತ್ತು. ಅಳೆದು ನೋಡಿದಾಗ ಸಿಕ್ಕಿದ್ದು 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಗಡಿ ರಸ್ತೆ ಸಂಸ್ಥೆ ಮಾಡಿದ ಉಮ್ಲಿಂಗ್ ಲಾ 5,798 ಮೀಟರ್ ಇದೆ, 2021ರಲ್ಲಿ ಅದಕ್ಕೆ ಗಿನ್ನೆಸ್ ಮನ್ನಣೆಯೂ ಬಂತು. ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನುವವನು ನಾನಲ್ಲ. ಜಾಸ್ತಿ ಹೊತ್ತು ಮೇಲೆ ನಿಲ್ಲಬೇಡಿ.

ಮನಾಲಿ–ಲೇಹ್ ಆಯ್ತು. ಮುಂದೆ ಯಾವುದು?

ಜಂಸ್ಕಾರ್. ದಾರ್ಚಾದಲ್ಲಿ ಲೇಹ್ ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಶಿಂಕು ಲಾ (ಸುಮಾರು 5,090 ಮೀಟರ್). ಅದನ್ನು ಇಳಿದರೆ ಗೊಂಬೊ ರಂಜೋನ್ ಎಂಬ ಒಂಟಿ ಬಂಡೆಬೆಟ್ಟ. ಚಿತ್ರದುರ್ಗದವರು ಬಂಡೆ ನೋಡಿ ಬೆರಗಾಗುವುದು ಕಷ್ಟ, ಇದಕ್ಕೆ ಆಗುತ್ತಾರೆ. ಮುಂದೆ ಕಾರ್ಗ್ಯಾಕ್, ಪದುಮ್, ನಿಮ್ಮುವಿನವರೆಗೆ ರಸ್ತೆ 2024ರಲ್ಲಿ ಕೂಡಿಕೊಂಡಿತು. ಮನಾಲಿ ದಾರಿಗೆ ಹೋಲಿಸಿದರೆ ಧಾಬಾ ಕಮ್ಮಿ, ಹಾಗಾಗಿ ಟೆಂಟ್ ಮತ್ತು ಮೂರು ದಿನದ ಊಟ ನಿಮ್ಮದೇ. ಕಷ್ಟ ಇರುವುದು ಶುರುವಿನಲ್ಲಿ. ದಾರ್ಚಾ 3,360 ಮೀಟರ್‌ನಲ್ಲಿದೆ, ಪಾಸ್ ಅಲ್ಲಿಂದ ಹತ್ತಿರ. ಹಿಂದಿನ ವರ್ಷ ಲಡಾಖ್‌ಗೆ ಹೋಗಿದ್ದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಹೊಂದಿಕೊಂಡ ದೇಹ ಕೆಳಗೆ ಬಂದ ಕೆಲವೇ ವಾರಗಳಲ್ಲಿ ಅದನ್ನು ಮರೆತಿರುತ್ತದೆ. ಜಿಸ್ಪಾದಲ್ಲಿ ಎರಡು ರಾತ್ರಿ ಇದ್ದು, ಪಾಸ್‌ಗಿಂತ ಮೊದಲು ನಡುವೆ ಒಂದು ರಾತ್ರಿ ಟೆಂಟ್ ಹಾಕಿ, ಮಾರನೇ ದಿನ ಬೆಳಿಗ್ಗೆ ಬೇಗ ದಾಟಿ.